ಡಿಲೀಟ್ ಆದದ್ದೆಲ್ಲ ಪೊಲೀಸರ ‘ಸೂಪರ್ ಕಂಪ್ಯೂಟರ್’ನಲ್ಲಿ ವಾಪಸ್ ಬರುತ್ತದೆಯೇ? ಫೊರೆನ್ಸಿಕ್ ಯಂತ್ರದ ಒಳಗೆ ನಿಜಕ್ಕೂ ಏನಿರುತ್ತದೆ?

“ರೀಸೆಟ್ ಹೊಡದ್ರ ಏನಾಗಲ್ಲ ಬಿಡ್ರಿ. ಸೈಬರ್‌ನವ್ರ ಹತ್ರ ದೊಡ್ಡ ಕಂಪ್ಯೂಟರ್ ಇರ್ತದ, ಅದ್ರಾಗ ಹಾಕಿದ್ರ ಎಲ್ಲಾ ವಾಪಸ್ ಬರ್ತದ.”

ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ನಮಗೆ ಪರಿಚಯದ ರೈತರೊಬ್ಬರಿಗೆ ಮೊಬೈಲ್ ರಿಪೇರಿ ಹುಡುಗ ಹೇಳಿದ ಮಾತಿದು. ಅದರ ಹಿಂದಿನ ದಿನ ಅವರ ವಾಟ್ಸ್‌ಆ್ಯಪ್‌ಗೆ ಮದುವೆ ಕಾರ್ಡ್ ಹೆಸರಿನಲ್ಲಿ ಒಂದು ಎಪಿಕೆ ಫೈಲ್ ಬಂದಿತ್ತು. ಕಳಿಸಿದವರು ಸಂಬಂಧಿಕರೇ, ಹಾಗಾಗಿ ಒತ್ತಿದರು. ರಾತ್ರಿ ಕಳೆಯುವಷ್ಟರಲ್ಲಿ ಹತ್ತಿ ಮಾರಿ ಬಂದ ದುಡ್ಡು ಖಾತೆಯಲ್ಲಿ ಇರಲಿಲ್ಲ. ‘ವೈರಸ್ ಹೋಗಲಿ’ ಎಂದು ಹುಡುಗ ಫ್ಯಾಕ್ಟರಿ ರೀಸೆಟ್ ಮಾಡಿಕೊಟ್ಟ. ಆಮೇಲೆ ದೂರು ಕೊಡಲು ಹೋದಾಗ ಅವರಿಗೆ ಎದುರಾದ ಮೊದಲ ಪ್ರಶ್ನೆ: ಆ ಫೈಲ್ ಎಲ್ಲಿದೆ?

ಹುಡುಗನದು ಕೆಟ್ಟ ಉದ್ದೇಶವಲ್ಲ. ಅವನು ನಂಬಿದ್ದನ್ನು ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಸಿನಿಮಾ, ಧಾರಾವಾಹಿ, ಫಾರ್ವರ್ಡ್ ಸಂದೇಶ ಎಲ್ಲದರಲ್ಲೂ ಇದೇ ಕಥೆ. ಕತ್ತಲೆ ಕೋಣೆ, ಹತ್ತು ಪರದೆ, ಹಸಿರು ಅಕ್ಷರಗಳು, ಒಂದು ಬಟನ್ ಒತ್ತಿದರೆ ಅಳಿಸಿದ ಮೆಸೇಜ್ ಎದ್ದು ಬರುತ್ತದೆ. ವಾಸ್ತವದಲ್ಲಿ ಡಿಜಿಟಲ್ ಫೊರೆನ್ಸಿಕ್ ಕೆಲಸಕ್ಕೆ ಬಳಸುವ ಯಂತ್ರ ಹೇಗಿರುತ್ತದೆ? ಅದನ್ನು ಹೇಗೆ ಆರಿಸುತ್ತಾರೆ, ಹೇಗೆ ಸಜ್ಜುಗೊಳಿಸುತ್ತಾರೆ? ಇದು ಗೊತ್ತಾದರೆ ಅದರಿಂದ ಏನು ಸಾಧ್ಯ, ಏನು ಅಸಾಧ್ಯ ಎನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಸೂಪರ್ ಕಂಪ್ಯೂಟರ್ ಅಲ್ಲ, ಗಟ್ಟಿಮುಟ್ಟಾದ ಪಿಸಿ

ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಫೊರೆನ್ಸಿಕ್ ವರ್ಕ್‌ಸ್ಟೇಷನ್ ನಿಮ್ಮೂರಿನ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದ ಕಂಪ್ಯೂಟರ್‌ಗೆ ಹತ್ತಿರದ ಸಂಬಂಧಿ. ಅದೇ ಬಗೆಯ ಪ್ರೊಸೆಸರ್, ಅದೇ ಬಗೆಯ ರ‍್ಯಾಮ್, ಸ್ವಲ್ಪ ಹೆಚ್ಚು ಡಿಸ್ಕ್‌ಗಳು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇದರ ಮುಕ್ಕಾಲು ಪಾಲು ಬಿಡಿಭಾಗಗಳು ಸಿಗುತ್ತವೆ. ‘ಫ್ರೆಡ್’ನಂಥ ಹೆಸರಿನಲ್ಲಿ ಇದಕ್ಕೆಂದೇ ಜೋಡಿಸಿದ ದುಬಾರಿ ಯಂತ್ರಗಳೂ ಇವೆ. ಅವುಗಳ ಪೆಟ್ಟಿಗೆ ಬಿಚ್ಚಿದರೂ ಒಳಗೆ ಕಾಣುವುದು ಇವೇ ಭಾಗಗಳು.

ವ್ಯತ್ಯಾಸ ಇರುವುದು ಒಂದು ಪುಟ್ಟ ಡಬ್ಬಿಯಲ್ಲಿ. ಅದರ ಹೆಸರು ರೈಟ್ ಬ್ಲಾಕರ್.

ಸಾಮಾನ್ಯ ಕಂಪ್ಯೂಟರ್‌ಗೆ ನೀವು ಒಂದು ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಚುಚ್ಚಿದ ಕ್ಷಣ ವಿಂಡೋಸ್ ಅದರ ಮೇಲೆ ಬರೆಯಲು ಶುರು ಮಾಡುತ್ತದೆ. ನೀವು ಏನನ್ನೂ ತೆರೆದಿರುವುದಿಲ್ಲ. ಆದರೂ ತನ್ನ ಅನುಕೂಲಕ್ಕೆ ಕಾಣದ ಫೋಲ್ಡರ್ ಮಾಡಿಕೊಳ್ಳುತ್ತದೆ, ಲಾಗ್ ಬದಲಿಸುತ್ತದೆ, ಕೆಲವೊಮ್ಮೆ ಫೈಲ್‌ಗಳ ದಿನಾಂಕವೂ ಬದಲಾಗುತ್ತದೆ. ಮನೆಯಲ್ಲಿ ಇದರಿಂದ ನಷ್ಟವೇನಿಲ್ಲ. ಕೊಲೆಯೋ ವಂಚನೆಯೋ ನಡೆದ ಪ್ರಕರಣದಲ್ಲಿ ಇದು ಸ್ಥಳ ಮಹಜರಿಗೆ ಬಂದವರು ರಕ್ತದ ಕಲೆಯ ಮೇಲೆ ಚಪ್ಪಲಿ ಕಾಲಿಟ್ಟು ಓಡಾಡಿದ ಹಾಗೆ. ಮುಂದೆ ಕೋರ್ಟಿನಲ್ಲಿ ವಕೀಲರು “ಈ ಫೈಲ್ ನನ್ನ ಕಕ್ಷಿದಾರರದ್ದಲ್ಲ, ವಶಪಡಿಸಿಕೊಂಡ ನಂತರ ಸೇರಿಸಿದ್ದು” ಎಂದರೆ ಉತ್ತರ ಕೊಡುವುದು ಕಷ್ಟ.

ರೈಟ್ ಬ್ಲಾಕರ್ ಸಾಕ್ಷ್ಯದ ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಕೂರುತ್ತದೆ. ‘ಓದು’ ಎಂಬ ಆದೇಶವನ್ನು ಒಳಗೆ ಬಿಡುತ್ತದೆ, ‘ಬರೆ’ ಎಂಬ ಆದೇಶವನ್ನು ತಡೆಯುತ್ತದೆ. ಕೆಲಸ ಇಷ್ಟೇ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಈ ಸಾಧನಗಳನ್ನು ಪರೀಕ್ಷಿಸಲು ಪ್ರತ್ಯೇಕ ಕಾರ್ಯಕ್ರಮವನ್ನೇ ನಡೆಸುತ್ತದೆ ಎಂದರೆ ಇದರ ತೂಕ ತಿಳಿಯಬಹುದು. ನನ್ನನ್ನು ಕೇಳಿದರೆ, ಬಜೆಟ್ ಕಡಿಮೆ ಇರುವ ಘಟಕವೊಂದು ಗ್ರಾಫಿಕ್ಸ್ ಕಾರ್ಡ್ ಬಿಟ್ಟರೂ ನಡೆಯುತ್ತದೆ, ಒಳ್ಳೆಯ ರೈಟ್ ಬ್ಲಾಕರ್ ಬಿಡಬಾರದು.

64 ಅಕ್ಷರಗಳ ಬೆರಳಚ್ಚು

ಬ್ಲಾಕರ್ ಮೂಲಕ ಓದಿದ ಡಿಸ್ಕ್‌ನ ಪ್ರತಿಯೊಂದು ಬಿಟ್ ಅನ್ನೂ ಇನ್ನೊಂದು ಡಿಸ್ಕ್‌ಗೆ ನಕಲು ಮಾಡುತ್ತಾರೆ. ಇದನ್ನು ‘ಇಮೇಜ್’ ಎನ್ನುತ್ತಾರೆ. ನಾವು ಮಾಡುವ ಕಾಪಿ-ಪೇಸ್ಟ್ ಇದಲ್ಲ. ಕಾಪಿ-ಪೇಸ್ಟ್‌ನಲ್ಲಿ ಕಾಣುವ ಫೈಲ್‌ಗಳು ಮಾತ್ರ ಬರುತ್ತವೆ. ಇಮೇಜ್‌ನಲ್ಲಿ ಖಾಲಿ ಎಂದು ಕಾಣುವ ಜಾಗವೂ ಬರುತ್ತದೆ. ಅಳಿಸಿದ ಫೈಲ್‌ನ ಚೂರುಗಳು ಉಳಿದಿದ್ದರೆ ಅವು ಅಡಗಿರುವುದು ಅಲ್ಲೇ.

ನಂತರ ಮೂಲಕ್ಕೂ ನಕಲಿಗೂ ಹ್ಯಾಶ್ ಮೌಲ್ಯ ತೆಗೆಯುತ್ತಾರೆ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಎಷ್ಟೇ ದೊಡ್ಡ ಡಿಸ್ಕ್ ಇದ್ದರೂ ಉತ್ತರ 64 ಅಕ್ಷರಗಳ ಒಂದು ಸಾಲು. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಎರಡೂ ಸಾಲು ಒಂದೇ ಆಗಿದ್ದರೆ ನಕಲು ಸರಿಯಾಗಿದೆ ಎಂದರ್ಥ. ಮೂಲವನ್ನು ಸೀಲ್ ಮಾಡಿ ಇಟ್ಟು, ಇಡೀ ತನಿಖೆಯನ್ನು ನಕಲಿನ ಮೇಲೆಯೇ ಮಾಡುತ್ತಾರೆ.

ಈಗ ಇದು ಕಾನೂನಿನ ನಮೂನೆಯಲ್ಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯಲು ಜಾಗವಿದೆ. ಯಾವ ವಿಧಾನದಲ್ಲಿ ತೆಗೆದದ್ದು ಎಂದೂ ಗುರುತು ಮಾಡಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ಕೆಲಸ ಮಾಡುತ್ತಿದ್ದುದು 65ಬಿ ಸೆಕ್ಷನ್. ಮೂಲ ಸಾಧನವನ್ನೇ ಕೋರ್ಟಿಗೆ ತರದೆ ನಕಲನ್ನು ಹಾಜರುಪಡಿಸುವುದಾದರೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು.

ಇಷ್ಟು ತಡ ಯಾಕೆ? ಲೆಕ್ಕ ನೋಡಿ

“ಫೋನ್ ಕೊಟ್ಟು ಎಷ್ಟೋ ತಿಂಗಳಾಯ್ತು, ಲ್ಯಾಬ್‌ನವರು ನಿದ್ದೆ ಮಾಡ್ತಾರಾ?” ಎನ್ನುವ ಸಿಟ್ಟು ಸಹಜ. ತಡಕ್ಕೆ ಸಿಬ್ಬಂದಿ ಕೊರತೆ, ಪ್ರಕರಣಗಳ ರಾಶಿ ಎಲ್ಲವೂ ಕಾರಣ. ಆದರೆ ಯಂತ್ರಕ್ಕೂ ಒಂದು ಮಿತಿ ಇದೆ, ಅದರ ಲೆಕ್ಕ ನೀವೇ ಹಾಕಬಹುದು.

1 ಟಿಬಿ ಎಂದರೆ 10 ಲಕ್ಷ ಎಂಬಿ. ಹಳೆಯ ಯುಎಸ್‌ಬಿ 2.0 ಪೋರ್ಟ್ ಮೂಲಕ ಸೆಕೆಂಡಿಗೆ ಸುಮಾರು 35 ಎಂಬಿ ಓದಬಹುದು. ಆ ವೇಗದಲ್ಲಿ ಒಂದು ಡಿಸ್ಕ್ ನಕಲಾಗಲು ಸುಮಾರು 8 ಗಂಟೆ ಬೇಕು. ಅದೇ ಹಾರ್ಡ್ ಡಿಸ್ಕ್ ಅನ್ನು ನೇರ ಸಾಟಾ ಸಂಪರ್ಕದಲ್ಲಿ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಸೆಕೆಂಡಿಗೆ 500 ಎಂಬಿ ಓದುವ ಎಸ್‌ಎಸ್‌ಡಿ ಆದರೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಇದು ಓದುವುದಕ್ಕೆ ಮಾತ್ರ. ನಕಲನ್ನು ಮತ್ತೊಮ್ಮೆ ಪೂರ್ತಿ ಓದಿ ಹ್ಯಾಶ್ ತಾಳೆ ನೋಡಬೇಕು. ಆಮೇಲೆ ಒಳಗಿನ ಲಕ್ಷಾಂತರ ಫೈಲ್‌ಗಳನ್ನು ಬಿಡಿಸಿ ಪದಸೂಚಿ ಮಾಡಬೇಕು. ಒಂದು ಪ್ರಕರಣದಲ್ಲಿ ಹತ್ತು ಡಿಸ್ಕ್ ಸಿಕ್ಕಿದ್ದರೆ ನೀವೇ ಗುಣಿಸಿಕೊಳ್ಳಿ.

ಇಲ್ಲಿ ಗಮನಿಸಬೇಕಾದದ್ದು, ವೇಗವನ್ನು ನಿರ್ಧರಿಸುವುದು ಅತ್ಯಂತ ನಿಧಾನದ ಕೊಂಡಿ. ಕಾಲುವೆಯ ಮೇಲ್ಭಾಗದಲ್ಲಿ ಎಷ್ಟೇ ನೀರು ಬಿಟ್ಟರೂ ತೂಬು ಸಣ್ಣದಿದ್ದರೆ ಕೆಳಭಾಗದ ಗದ್ದೆಗೆ ಬರುವುದು ಅಷ್ಟೇ ನೀರು. ಇದನ್ನು ಮಾನ್ವಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಕ್ಷ್ಯದ ಡಿಸ್ಕ್ ಸೆಕೆಂಡಿಗೆ 150 ಎಂಬಿ ಕೊಡುತ್ತಿದ್ದರೆ ಜಗತ್ತಿನ ಅತಿ ದುಬಾರಿ ಪ್ರೊಸೆಸರ್ ಹಾಕಿದರೂ ಅದು 151 ಆಗುವುದಿಲ್ಲ.

ಹಾಗಾಗಿ ಯಂತ್ರ ಆರಿಸುವವರು ಮೊದಲು ಯೋಚಿಸುವುದು ಡಿಸ್ಕ್‌ಗಳ ಬಗ್ಗೆ. ಸಾಮಾನ್ಯ ಪಿಸಿಯಲ್ಲಿ ಒಂದೇ ಡಿಸ್ಕ್‌ನಲ್ಲಿ ಎಲ್ಲವೂ ಇರುತ್ತದೆ. ಇಲ್ಲಿ ಕೆಲಸ ಹಂಚುತ್ತಾರೆ. ಆಪರೇಟಿಂಗ್ ಸಿಸ್ಟಂಗೆ ಒಂದು ಎಸ್‌ಎಸ್‌ಡಿ. ಇಮೇಜ್ ಫೈಲ್ ಇಡಲು ಮತ್ತೊಂದು ದೊಡ್ಡ ಡಿಸ್ಕ್. ತನಿಖಾ ತಂತ್ರಾಂಶದ ಡೇಟಾಬೇಸ್ ಮತ್ತು ತಾತ್ಕಾಲಿಕ ಫೈಲ್‌ಗಳಿಗೆ ಅತಿ ವೇಗದ ಎನ್‌ವಿಎಂಇ ಡಿಸ್ಕ್, ಯಾಕೆಂದರೆ ಬಿಡಿಬಿಡಿಯಾಗಿ ಲಕ್ಷಾಂತರ ಸಲ ಓದು-ಬರಹ ನಡೆಯುವುದು ಅಲ್ಲಿ. ಇಮೇಜ್ ಓದುವುದು ಮತ್ತು ಡೇಟಾಬೇಸ್ ಬರೆಯುವುದು ಒಂದೇ ಡಿಸ್ಕ್‌ನಲ್ಲಿ ನಡೆದರೆ ಒಂದೇ ಕೌಂಟರ್‌ನಲ್ಲಿ ಹಣ ಕಟ್ಟುವವರೂ ತೆಗೆಯುವವರೂ ನಿಂತ ಹಾಗೆ. ಮುಗಿದ ಪ್ರಕರಣಗಳನ್ನು ಹಲವು ಡಿಸ್ಕ್ ಜೋಡಿಸಿದ ರೈಡ್ ಸಂಗ್ರಹದಲ್ಲಿ ಇಡುತ್ತಾರೆ. ಒಂದು ಡಿಸ್ಕ್ ಕೈಕೊಟ್ಟರೂ ಮಾಹಿತಿ ಉಳಿಯುತ್ತದೆ. ಹಾಗೆಂದು ರೈಡ್ ಇದೆ, ಬ್ಯಾಕಪ್ ಬೇಡ ಎನ್ನುವಂತಿಲ್ಲ.

ರ‍್ಯಾಮ್ 32 ಜಿಬಿಗಿಂತ ಕಡಿಮೆ ಇದ್ದರೆ ಕಷ್ಟ, 64 ಇದ್ದರೆ ನೆಮ್ಮದಿ. ಸಾಧ್ಯವಿದ್ದರೆ ಇಸಿಸಿ ಬಗೆಯದು, ಅಂದರೆ ಒಂದು ಬಿಟ್ ತಪ್ಪಿದರೆ ತಾನೇ ಗುರುತಿಸಿ ಸರಿಪಡಿಸುವಂಥದ್ದು. ಪ್ರೊಸೆಸರ್‌ನಲ್ಲಿ ಕೋರ್‌ಗಳು ಹೆಚ್ಚಿದ್ದರೆ ಪದಸೂಚಿ ಕೆಲಸ ಬೇಗ ಆಗುತ್ತದೆ, ಆದರೆ ಕೆಲವು ತಂತ್ರಾಂಶಗಳು ಒಂದೇ ಕೋರ್ ಬಳಸುತ್ತವೆ. ಮಧ್ಯಮ ಸಂಖ್ಯೆಯ ಕೋರ್, ಒಳ್ಳೆಯ ವೇಗ, ಇದೇ ಜಾಣತನದ ಆಯ್ಕೆ. ತಂತ್ರಾಂಶಕ್ಕೆ ಕೋಟಿ ಸುರಿಯಲೇಬೇಕೆಂದೂ ಇಲ್ಲ. ‘ಆಟೊಪ್ಸಿ’ ಉಚಿತವಾಗಿ ಸಿಗುತ್ತದೆ. ತಿರುವನಂತಪುರದ ಸಿ-ಡ್ಯಾಕ್ ‘ಸೈಬರ್‌ಚೆಕ್’ ಎಂಬ ದೇಶೀ ಸಾಧನವನ್ನೇ ರೂಪಿಸಿದೆ.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಫೋನ್ ಲಾಕ್ ಒಡೆಯಬಹುದೇ?

ಇದು ಇನ್ನೊಂದು ಜನಪ್ರಿಯ ನಂಬಿಕೆ. ಗ್ರಾಫಿಕ್ಸ್ ಕಾರ್ಡ್ ಪಾಸ್‌ವರ್ಡ್ ಊಹಿಸುವ ಕೆಲಸವನ್ನು ಬಹಳ ವೇಗವಾಗಿ ಮಾಡುತ್ತದೆ ಎನ್ನುವುದು ನಿಜ. ಲಾಕ್ ಆದ ಜಿಪ್ ಫೈಲ್, ಆಫೀಸ್ ದಾಖಲೆ ಇಂಥವಕ್ಕೆ ಪ್ರಯೋಜನ ಇದೆ, ಪಾಸ್‌ವರ್ಡ್ ಸಣ್ಣದಾಗಿದ್ದರೆ ಮಾತ್ರ.

ಫೋನ್ ಬೇರೆ. 6 ಅಂಕಿಯ ಪಿನ್‌ಗೆ ಇರುವುದು 10 ಲಕ್ಷ ಸಾಧ್ಯತೆ, ಕಾರ್ಡ್‌ಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಈಗಿನ ಫೋನ್‌ಗಳಲ್ಲಿ ಮಾಹಿತಿ ಬಿಡಿಸುವ ಕೀಲಿ ಫೋನಿನ ಒಳಗಿನ ಭದ್ರತಾ ಚಿಪ್‌ಗೆ ಅಂಟಿಕೊಂಡಿರುತ್ತದೆ. ಊಹೆ ಆ ಫೋನಿನ ಮೇಲೆಯೇ ನಡೆಯಬೇಕು. ತಪ್ಪಾದಷ್ಟೂ ಅದು ಕಾಯಿಸುತ್ತದೆ. ಸೆಲೆಬ್ರೈಟ್‌ನಂಥ ಕಂಪನಿಗಳ ಸಾಧನಗಳು ಕೆಲವು ಮಾದರಿಗಳ ಭದ್ರತಾ ಲೋಪ ಬಳಸಿ ಒಳಹೋಗುತ್ತವೆ. ಯಾವ ಮಾದರಿ, ಯಾವ ಅಪ್‌ಡೇಟ್ ಎನ್ನುವುದರ ಮೇಲೆ ಅದು ನಿಂತಿದೆ. ಪಕ್ಕದ ಪಿಸಿಯ ಶಕ್ತಿಗೂ ಅದಕ್ಕೂ ಸಂಬಂಧ ಕಡಿಮೆ.

ಹಾಗಾದರೆ ಅಳಿಸಿದ್ದು ಬರುವುದೇ ಇಲ್ಲವೇ?

ಬರುತ್ತದೆ, ಕೆಲವೊಮ್ಮೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದರೆ ಹೋಗುವುದು ಅದರ ವಿಳಾಸ ಮಾತ್ರ. ಅಸಲಿ ಮಾಹಿತಿ, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಅಲ್ಲೇ ಇರುತ್ತದೆ. ‘ಎಲ್ಲವೂ ವಾಪಸ್ ಬರುತ್ತದೆ’ ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಡಿಸ್ಕ್ ತಾನಾಗಿಯೇ ಹಿನ್ನೆಲೆಯಲ್ಲಿ ಖಾಲಿ ಮಾಡುತ್ತದೆ, ಯಾರೂ ಕೇಳಬೇಕಾಗಿಲ್ಲ.

ವಾಟ್ಸ್‌ಆ್ಯಪ್ ಸಂದೇಶಗಳು ಫೋನಿನೊಳಗೆ ಒಂದು ಡೇಟಾಬೇಸ್‌ನಲ್ಲಿ ಇರುತ್ತವೆ. ಒಂದು ಸಂದೇಶ ಅಳಿಸಿದರೂ ಅದರ ಚೂರು ಸ್ವಲ್ಪ ಕಾಲ ಆ ಡೇಟಾಬೇಸ್‌ನ ಖಾಲಿ ಪುಟಗಳಲ್ಲಿ ಉಳಿದಿರಬಹುದು. ಬ್ಯಾಕಪ್ ಇದ್ದರೆ ಅಲ್ಲೂ ಸಿಗಬಹುದು. ಆದರೆ ಫ್ಯಾಕ್ಟರಿ ರೀಸೆಟ್ ಆದರೆ ಕಥೆ ಬೇರೆ. ಈಗಿನ ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ರೀಸೆಟ್ ಮಾಡಿದಾಗ ಕೀಲಿಯೇ ನಾಶವಾಗುತ್ತದೆ. ತಿಜೋರಿ ಒಳಗೆ ಏನಾದರೂ ಉಳಿದಿದ್ದರೂ ಅದು ಅರ್ಥವಿಲ್ಲದ ಅಂಕಿಗಳ ರಾಶಿ. ಕುರ್ಡಿಯ ಆ ಫೋನಿನಲ್ಲಿ ಆದದ್ದು ಇದೇ. ಎಪಿಕೆ ಹೋಯಿತು. ಅದು ಯಾವ ಸರ್ವರ್‌ಗೆ ಒಟಿಪಿ ಕಳಿಸುತ್ತಿತ್ತು, ಯಾವ ಅನುಮತಿ ಪಡೆದಿತ್ತು ಎಂಬ ಗುರುತೂ ಹೋಯಿತು. ಬ್ಯಾಂಕಿನ ದಾಖಲೆ ಮಾತ್ರ ಬೇರೆಡೆ ಇದ್ದದ್ದರಿಂದ ಉಳಿಯಿತು.

ಯಂತ್ರಕ್ಕೂ ಶಿಸ್ತು ಬೇಕು

ಹಾರ್ಡ್‌ವೇರ್ ಕೊಂಡರೆ ಮುಗಿಯಲಿಲ್ಲ, ಅದರ ಸೆಟ್ಟಿಂಗ್‌ನಲ್ಲಿ ಎಡವಟ್ಟಾದರೆ ಅಷ್ಟೂ ವ್ಯರ್ಥ. ನನಗೆ ತಮಾಷೆ ಎನಿಸಿದ್ದು ಆ್ಯಂಟಿವೈರಸ್. ನಮ್ಮ ಕಂಪ್ಯೂಟರ್‌ನಲ್ಲಿ ಅದು ಕಾವಲುಗಾರ. ಫೊರೆನ್ಸಿಕ್ ಯಂತ್ರದಲ್ಲಿ ಅದು ಪ್ರಕರಣದ ಮುಖ್ಯ ಸಾಕ್ಷಿಯಾದ ವೈರಸ್ ಫೈಲ್ ಅನ್ನೇ ‘ಅಪಾಯಕಾರಿ’ ಎಂದು ಹಿಡಿದು ಅಳಿಸಿಬಿಡಬಹುದು. ಅದಕ್ಕೆ ಸಾಕ್ಷ್ಯದ ಫೋಲ್ಡರ್‌ಗಳನ್ನು ಅದರ ಕಣ್ಣಿನಿಂದ ಹೊರಗಿಡುತ್ತಾರೆ. ಸ್ಲೀಪ್ ಮೋಡ್ ಬಂದ್ ಮಾಡುತ್ತಾರೆ. ವಿಂಡೋಸ್ ಅಪ್‌ಡೇಟ್ ರಾತ್ರಿ ಎರಡು ಗಂಟೆಗೆ ತಾನೇ ರೀಸ್ಟಾರ್ಟ್ ಮಾಡದಂತೆ ತಡೆಯುತ್ತಾರೆ. ಇಂಟರ್ನೆಟ್‌ನಿಂದ ಯಂತ್ರವನ್ನು ದೂರ ಇಡುತ್ತಾರೆ. ಗಡಿಯಾರ ಸರಿಯಿದೆಯೇ ಎಂದು ಬರೆದಿಡುತ್ತಾರೆ. ಹಲವು ಆ್ಯಪ್‌ಗಳು ಸಮಯವನ್ನು ವಿಶ್ವ ಸಮಯದಲ್ಲಿ ದಾಖಲಿಸುತ್ತವೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಇದನ್ನು ಮರೆತರೆ ರಾತ್ರಿ 2ಕ್ಕೆ ಕಳಿಸಿದ ಮೆಸೇಜ್ ಹಿಂದಿನ ದಿನದ ರಾತ್ರಿ 8.30ಕ್ಕೆ ಕಳಿಸಿದಂತೆ ಕಾಣುತ್ತದೆ. ಆ ಹೊತ್ತಿಗೆ ಆರೋಪಿ ಊರಲ್ಲೇ ಇರಲಿಲ್ಲ ಎಂದಾದರೆ?

ರಾಯಚೂರಿನಂಥ ಊರಿಗೆ ಇನ್ನೆರಡು ಸಂಗತಿ ಸೇರಿಸಬೇಕು. ಒಂದು ಸೆಕೆ. ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟುವ ಕಡೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅದಕ್ಕೇ ದೊಡ್ಡ ಕ್ಯಾಬಿನೆಟ್, ಒಳ್ಳೆಯ ಫ್ಯಾನ್, ಧೂಳು ತಡೆಯುವ ಜಾಲರಿ, ಎಸಿ ಕೋಣೆ. ಇನ್ನೊಂದು ಕರೆಂಟ್. ರಾಜ್ಯಕ್ಕೆ ವಿದ್ಯುತ್ ಕೊಡುವ ಶಾಖೋತ್ಪನ್ನ ಸ್ಥಾವರ ಶಕ್ತಿನಗರದಲ್ಲೇ ಇದ್ದರೂ ಜಿಲ್ಲೆಯ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಎಂಟು ಗಂಟೆಯ ನಕಲು ಏಳನೇ ಗಂಟೆಯಲ್ಲಿ ನಿಂತರೆ ಬಹುತೇಕ ಮೊದಲಿಂದ ಶುರು. ಆನ್‌ಲೈನ್ ಯುಪಿಎಸ್ ಇಲ್ಲಿ ಐಷಾರಾಮ ಅಲ್ಲ.

ಲ್ಯಾಬ್‌ಗೆ ಹೋಗುವುದು ಫಾರ್ವರ್ಡ್ ಅಲ್ಲ, ಮೂಲ

ಕರ್ನಾಟಕ ಈ ಕ್ಷೇತ್ರಕ್ಕೆ ಹೊಸದೇನಲ್ಲ. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್, ಮಡಿವಾಳದಲ್ಲಿದೆ. ತನಿಖಾಧಿಕಾರಿಗಳಿಗೆ ತರಬೇತಿ ಕೊಡಲು ಸಿಐಡಿ ಕೇಂದ್ರ ಕಚೇರಿಯಲ್ಲಿ ಇನ್ಫೊಸಿಸ್ ಫೌಂಡೇಷನ್ ನೆರವಿನಿಂದ 2019ರಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಜಿಲ್ಲೆಗಳಲ್ಲಿ ದೂರು ತೆಗೆದುಕೊಳ್ಳುವುದು ಸಿಇಎನ್ ಪೊಲೀಸ್ ಠಾಣೆಗಳು.

2024ರ ಫೆಬ್ರುವರಿ 27 ನೆನಪಿದೆಯೇ? ರಾಜ್ಯಸಭಾ ಚುನಾವಣೆಯ ಫಲಿತಾಂಶದ ನಂತರ ವಿಧಾನಸೌಧದಲ್ಲಿ ಕೂಗಿದ ಘೋಷಣೆ ಏನು ಎಂಬ ಬಗ್ಗೆ ರಾಜ್ಯವೇ ಎರಡು ಪಾಲಾಗಿತ್ತು. ಅದೇ ರಾತ್ರಿ ನಮ್ಮ ಗ್ರೂಪ್‌ಗಳಲ್ಲಿ ಎರಡೂ ಬಗೆಯ ‘ಸಾಕ್ಷ್ಯ’ ಬಂತು. ನಿಧಾನ ಮಾಡಿದ್ದು, ಅಕ್ಷರ ಬರೆದಿದ್ದು, ವೃತ್ತ ಹಾಕಿದ್ದು. ಪೊಲೀಸರು ವಿಡಿಯೊಗಳನ್ನು ಎಫ್‌ಎಸ್‌ಎಲ್‌ಗೆ ಕಳಿಸಿದರು. ಆ ವರದಿ, ಸಾಂದರ್ಭಿಕ ಪುರಾವೆ ಮತ್ತು ಸಾಕ್ಷಿಗಳ ಹೇಳಿಕೆ ಆಧರಿಸಿ ಮೂವರನ್ನು ಬಂಧಿಸಿದ್ದು ಮಾರ್ಚ್ 4ರಂದು. ಬಂಧನ ಎಂದರೆ ಅಪರಾಧ ಸಾಬೀತಾಯಿತು ಎಂದಲ್ಲ. ನಾನು ಹೇಳಹೊರಟಿದ್ದು ಬೇರೆ: ಆ ಆರು ದಿನಗಳಲ್ಲಿ ಲಕ್ಷಾಂತರ ಜನ ತಮ್ಮ ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಟ್ಟಾಗಿತ್ತು.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿದಾಗ ಗಾತ್ರ ತಗ್ಗಿಸಲು ಅದನ್ನು ಮತ್ತೆ ಕುಗ್ಗಿಸಲಾಗುತ್ತದೆ, ಧ್ವನಿಯ ಸೂಕ್ಷ್ಮಗಳು ಕಳೆದುಹೋಗುತ್ತವೆ. ಫೋಟೊದಲ್ಲಾದರೆ ತೆಗೆದ ಸಮಯ, ಕ್ಯಾಮೆರಾದಂಥ ವಿವರಗಳು ಉದುರುತ್ತವೆ. ಹ್ಯಾಶ್ ಅಂತೂ ಪೂರ್ತಿ ಬೇರೆ. ಅದಕ್ಕೇ ಲ್ಯಾಬ್‌ಗೆ ಬೇಕಾದದ್ದು ಚಿತ್ರೀಕರಿಸಿದ ಫೋನು ಅಥವಾ ಕ್ಯಾಮೆರಾದ ಮೂಲ ಫೈಲ್. ನಿಮ್ಮ ಬಳಿ ಅಂಥ ಮೂಲ ಇದ್ದರೆ ಅದನ್ನು ಅಳಿಸಬೇಡಿ, ಎಡಿಟ್ ಮಾಡಬೇಡಿ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಅದು ಕುಗ್ಗುವುದಿಲ್ಲ.

ಹಣ ಹೋದಾಗ ಮಾಡಬೇಕಾದದ್ದು

ಮೊದಲು ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಹಾರುವ ಮೊದಲೇ ತಡೆಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ನಿಮ್ಮ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈ ಕೂಡ ಆಫ್ ಮಾಡಿ. ಆ ಆ್ಯಪ್‌ಗೆ ಹೊರಗಿನ ಸಂಪರ್ಕ ಕಡಿದುಹೋಗುತ್ತದೆ, ಒಳಗಿನ ಗುರುತು ಉಳಿಯುತ್ತದೆ. ಲ್ಯಾಬ್‌ನವರು ಫೋನನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿ ಇಡುವುದೂ ದೂರದಿಂದ ಯಾರೂ ಅದನ್ನು ಅಳಿಸಬಾರದು ಎಂಬ ಕಾರಣಕ್ಕೇ. ಆ್ಯಪ್ ಅನ್‌ಇನ್‌ಸ್ಟಾಲ್ ಬೇಡ, ಚಾಟ್ ಕ್ಲಿಯರ್ ಬೇಡ, ರೀಸೆಟ್ ಅಂತೂ ಬೇಡವೇ ಬೇಡ. ದೂರು ದಾಖಲಾಗಿ ಪೊಲೀಸರು ನೋಡಿದ ಮೇಲೆ, ಅವರನ್ನು ಕೇಳಿ ರೀಸೆಟ್ ಮಾಡಿಸಿಕೊಳ್ಳಬಹುದು.

ಕುರ್ಡಿಯ ಆ ರೈತರ ವಿಷಯಕ್ಕೆ ಬಂದರೆ, ಅದೇ ಮದುವೆ ಕಾರ್ಡ್ ಅವರ ಕುಟುಂಬದ ಗ್ರೂಪ್‌ಗೂ ಬಂದಿತ್ತು. ದೇವದುರ್ಗದಲ್ಲಿರುವ ಸಂಬಂಧಿ ಹುಡುಗಿಯೊಬ್ಬಳ ಫೋನಿನಲ್ಲಿ ಫೈಲ್ ಡೌನ್‌ಲೋಡ್ ಆಗಿತ್ತು, ಆದರೆ ಅವಳು ಇನ್‌ಸ್ಟಾಲ್ ಮಾಡಿರಲಿಲ್ಲ. “ಕಾರ್ಡ್ ಅಂದ್ರ ಫೋಟೊ ಇರ್ಬೇಕಲ್ಲ, ಇದೇನ್ ಎಪಿಕೆ ಅಂತ ಬಿಟ್ಟಿದ್ದೆ” ಎಂದಳು. ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡ, ಒತ್ತಬೇಡ, ಅಳಿಸಲೂ ಬೇಡ ಎಂದು ಹೇಳಿ, ಮರುದಿನ ಅವಳ ಫೋನನ್ನು ಹಾಗೆಯೇ ತೆಗೆದುಕೊಂಡು ರಾಯಚೂರಿನ ಬಸ್ ಹತ್ತಿದರು.